ಅಡುಗೆಮನೆಯಿದ್ದ ಶಾಲೆ: ಜಾನ್ ಡ್ಯೂಯಿ

ಜಾನ್ ಡ್ಯೂಯಿ ನಮಗೆಲ್ಲ ಮೊದಲು ಪರಿಚಯವಾಗುವುದು ಹತ್ತು ಅಂಕದ ಪ್ರಶ್ನೆಯಾಗಿ. ಪ್ರಯೋಜನವಾದ, ಮಾಡಿ ಕಲಿಯುವುದು, ಯೋಜನಾ ಪದ್ಧತಿ, ಪ್ರಜಾಪ್ರಭುತ್ವ ಮತ್ತು ಶಿಕ್ಷಣ ಎಂದು ನಾಲ್ಕು ಉಪಶೀರ್ಷಿಕೆ ಹಾಕಿ, ಪ್ರತಿಯೊಂದರ ಕೆಳಗೆ ಮೂರು ಮೂರು ಸಾಲು ಬರೆದರೆ ಏಳು ಅಂಕಕ್ಕೆ ಮೋಸವಿಲ್ಲ. (ಯೋಜನಾ ಪದ್ಧತಿಯನ್ನು ಆ ಹೆಸರಿನಲ್ಲಿ ಪ್ರಸಿದ್ಧಗೊಳಿಸಿದವರು ಅವರ ಶಿಷ್ಯ ವಿಲಿಯಂ ಕಿಲ್‌ಪ್ಯಾಟ್ರಿಕ್, 1918ರಲ್ಲಿ. ಆದರೂ ಅದನ್ನು ಗುರುಗಳ ಹೆಸರಿನಲ್ಲೇ ಬರೆಯುವುದು ನಮ್ಮಲ್ಲಿ ರೂಢಿ.) ನಾನು ಇಲ್ಲಿ ಬರೆಯಹೊರಟಿರುವುದು ಆ ಪ್ರಶ್ನೋತ್ತರದ ಡ್ಯೂಯಿ ಬಗ್ಗೆ ಅಲ್ಲ. ಆರೇಳು ವರ್ಷದ ಮಕ್ಕಳ ಕೈಗೆ ಅಳತೆಯ ಲೋಟ, ಸೌಟು, ಮೊಟ್ಟೆ ಕೊಟ್ಟು ಅಡುಗೆಯನ್ನು ಶಾಲೆಯ ನಡುಮಧ್ಯಕ್ಕೆ ತಂದು ಕೂರಿಸಿದ ಡ್ಯೂಯಿ ಬಗ್ಗೆ.

ಬೋಧನಾಭ್ಯಾಸಕ್ಕೆ ಹೋದಾಗ ನಮ್ಮಲ್ಲಿ ಹಲವರು ಒಂದಲ್ಲ ಒಂದು ದಿನ ಬೆಂಕಿಯಿಲ್ಲದ ಅಡುಗೆ ಮಾಡಿಸುತ್ತೇವೆ. ಪಾನಕ, ಕೋಸಂಬರಿ, ಚುರುಮುರಿ, ಹಣ್ಣಿನ ಸಲಾಡ್. ಮಕ್ಕಳಿಗೆ ಖುಷಿ, ನಮಗೆ ಫೋಟೊ, ವರದಿಗೆ ಒಂದು ಪುಟ. ಅದರಲ್ಲಿ ಕಲಿತದ್ದೇನು ಎಂದು ಯಾರಾದರೂ ಕೇಳಿದರೆ ಸಹಕಾರ ಮನೋಭಾವ ಎಂದು ಉತ್ತರಿಸುತ್ತೇವೆ. ಆ ಉತ್ತರ ಸಾಲದು ಎಂದು ನೂರಿಪ್ಪತ್ತೈದು ವರ್ಷಗಳಿಗೂ ಹಿಂದೆ ಒಬ್ಬರು ಯೋಚಿಸಿದ್ದರು. ಅವರ ಬದುಕನ್ನು ಆ ಒಂದು ಕಿಟಕಿಯಿಂದ ನೋಡಿದ್ದೇನೆ.

ಡ್ಯೂಯಿ ಹುಟ್ಟಿದ್ದು 1859ರ ಅಕ್ಟೋಬರ್ 20ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಊರಿನಲ್ಲಿ. ತಂದೆ ಆರ್ಚಿಬಾಲ್ಡ್ ದಿನಸಿ ಅಂಗಡಿಯವರು. ತಾಯಿ ಲುಸಿನಾ ಧರ್ಮಶ್ರದ್ಧೆಯ, ಮಕ್ಕಳ ಓದಿನ ಬಗ್ಗೆ ಬಲು ಆಸೆಯಿದ್ದ ಹೆಂಗಸು. ಅದೇ ವರ್ಷದ ಜನವರಿಯಲ್ಲಿ ಆ ಮನೆಯಲ್ಲಿ ಒಂದು ದುರಂತ ನಡೆದಿತ್ತು. ಜಾನ್ ಎಂಬ ಹೆಸರಿನ ಹಿರಿಯ ಮಗ, ಇನ್ನೂ ಪುಟ್ಟ ಮಗು, ಬಿಸಿನೀರಿನ ಪಾತ್ರೆಗೆ ಬಿದ್ದು ಸುಟ್ಟುಕೊಂಡು ತೀರಿಕೊಂಡ. ಅಕ್ಟೋಬರಿನಲ್ಲಿ ಹುಟ್ಟಿದ ಮಗುವಿಗೆ ಆ ಅಣ್ಣನ ಹೆಸರನ್ನೇ ಇಟ್ಟರು. ಮುಂದೆ ಇದೇ ಜಾನ್ ಮಕ್ಕಳನ್ನು ಕುದಿಯುವ ನೀರಿನ ಮುಂದೆ ನಿಲ್ಲಿಸುವ ಶಾಲೆ ಕಟ್ಟಿದರು ಎನ್ನುವುದನ್ನು ಓದುವಾಗ ನನಗೆ ಒಂದು ಕ್ಷಣ ಮೈ ಜುಮ್ಮೆಂದಿತು. ಎರಡಕ್ಕೂ ಸಂಬಂಧ ಕಟ್ಟಲು ನಾನು ಹೋಗುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಒಲೆ ಎಂದರೆ ಏನು ಎಂಬುದು ಆ ಕುಟುಂಬಕ್ಕೆ ಪುಸ್ತಕದಿಂದ ತಿಳಿಯಬೇಕಾದ ವಿಷಯವಾಗಿರಲಿಲ್ಲ, ಅಷ್ಟೆ.

ಬಾಲ್ಯದಲ್ಲಿ ಅವರು ಪತ್ರಿಕೆ ಹಂಚಿದರು, ಮರದ ಅಡ್ಡೆಯಲ್ಲಿ ಬಂದ ಹಲಗೆಗಳ ಲೆಕ್ಕ ಬರೆದರು. ಅಂತರ್ಯುದ್ಧದ ಕಾಲದಲ್ಲಿ ತಂದೆ ಸೈನ್ಯ ಸೇರಿದ್ದರಿಂದ, ಕೊನೆಯ ಚಳಿಗಾಲದಲ್ಲಿ ತಾಯಿ ಮಕ್ಕಳನ್ನು ಕರೆದುಕೊಂಡು ವರ್ಜೀನಿಯಾಕ್ಕೆ ಹೋಗಿ ಗಂಡನ ಹತ್ತಿರ ಇದ್ದರು. ಮುಂದೆ ಅವರು ಉಪನ್ಯಾಸಗಳಲ್ಲಿ ಒಂದು ಮಾತನ್ನು ವಿವರವಾಗಿ ಹೇಳುತ್ತಾರೆ. ಒಂದೆರಡು ತಲೆಮಾರಿನ ಹಿಂದೆ ಮನೆಯೇ ಕಾರ್ಖಾನೆಯಾಗಿತ್ತು. ಉಣ್ಣೆ ಕತ್ತರಿಸಿ ನೂಲು ತೆಗೆದು ಬಟ್ಟೆಯಾಗುವುದು, ಕೊಬ್ಬು ಕರಗಿಸಿ ಬತ್ತಿ ಅದ್ದಿ ಮೇಣದಬತ್ತಿಯಾಗುವುದು, ಎಲ್ಲವೂ ಮಕ್ಕಳ ಕಣ್ಣೆದುರೇ ನಡೆಯುತ್ತಿತ್ತು. ಅದರಲ್ಲಿ ಮಕ್ಕಳಿಗೂ ಒಂದು ಪಾಲಿನ ಕೆಲಸವಿತ್ತು. ಅವರು ಕೆಲಸ ಮಾಡದಿದ್ದರೆ ಮನೆಯಲ್ಲಿ ನಿಜವಾಗಿಯೂ ಏನೋ ಒಂದು ನಿಂತುಹೋಗುತ್ತಿತ್ತು. ನಗರ ಬೆಳೆದು, ಎಲ್ಲವೂ ಅಂಗಡಿಯಲ್ಲಿ ಸಿಗುವಂತಾದ ಮೇಲೆ ಆ ಪಾಠಶಾಲೆ ಸದ್ದಿಲ್ಲದೆ ಮುಚ್ಚಿತು. ಆ ನಷ್ಟವನ್ನು ತುಂಬುವ ಹೊಣೆ ಶಾಲೆಯದು ಎಂಬುದು ಅವರ ವಾದ. ಕಾಲವನ್ನು ಹಿಂದಕ್ಕೆ ತಿರುಗಿಸಬೇಕೆಂದು ಅವರು ಹೇಳಲಿಲ್ಲ. ನಮ್ಮ ಅಜ್ಜಿಯರ ಕಾಲದ ಒರಳು, ಬೀಸುಕಲ್ಲು ನೆನೆದು ಹನಿಗಣ್ಣಾಗುವ ಭಾಷಣಗಳನ್ನು ನಾವು ಕೇಳಿದ್ದೇವಲ್ಲ, ಅದು ಅವರ ದಾರಿಯಲ್ಲ.

1879ರಲ್ಲಿ ವರ್ಮಾಂಟ್ ವಿಶ್ವವಿದ್ಯಾನಿಲಯದ ಪದವಿ ಮುಗಿಸಿದ ಮೇಲೆ ಡ್ಯೂಯಿ ಪೆನ್ಸಿಲ್ವೇನಿಯಾದ ಆಯಿಲ್ ಸಿಟಿ ಎಂಬ ಊರಿನ ಹೈಸ್ಕೂಲಿನಲ್ಲಿ ಎರಡು ವರ್ಷ ಮೇಷ್ಟರಾಗಿದ್ದರು. ಬಳಿಕ ವರ್ಮಾಂಟಿಗೆ ಹಿಂದಿರುಗಿ ಒಂದು ಹಳ್ಳಿಯ ಶಾಲೆಯಲ್ಲೂ ಸ್ವಲ್ಪ ಕಾಲ ಪಾಠ ಮಾಡಿದರು. ತರಗತಿಯನ್ನು ಹಿಡಿತದಲ್ಲಿಟ್ಟುಕೊಳ್ಳುವುದು ಅವರಿಗೆ ಒಗ್ಗಿದ ವಿದ್ಯೆಯಾಗಿರಲಿಲ್ಲವಂತೆ. ಶಿಕ್ಷಣ ಶಾಸ್ತ್ರದ ಪುಸ್ತಕಗಳಲ್ಲಿ ಈ ಸಂಗತಿಗೆ ಜಾಗ ಸಿಗುವುದಿಲ್ಲ. ತರಗತಿ ನಿರ್ವಹಣೆಯ ಕಾಲಂನಲ್ಲಿ ಕಡಿಮೆ ಅಂಕ ಪಡೆದ ನನ್ನ ಸಹಪಾಠಿಗಳಿಗಾಗಿ ಇಲ್ಲಿ ಬರೆದಿದ್ದೇನೆ.

ಆಮೇಲಿನ ಹತ್ತು ಹನ್ನೆರಡು ವರ್ಷಗಳದ್ದು ವಿದ್ವಾಂಸರ ಬದುಕಿನ ಮಾಮೂಲಿ ಏಣಿ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಿಂದ 1884ರಲ್ಲಿ ಡಾಕ್ಟರೇಟ್, ಮಿಷಿಗನ್‌ನಲ್ಲಿ ಅಧ್ಯಾಪಕ ವೃತ್ತಿ, 1886ರಲ್ಲಿ ಆಲಿಸ್ ಚಿಪ್ಮನ್ ಜೊತೆ ಮದುವೆ. ಈ ಆಲಿಸ್ ಅವರ ಹೆಸರನ್ನು ನಾವು ನೆನಪಿಟ್ಟುಕೊಳ್ಳಬೇಕು. ತತ್ತ್ವಶಾಸ್ತ್ರವನ್ನು ಪುಸ್ತಕದಿಂದ ಬೀದಿಗೆ, ಮನೆಗೆ, ಮಕ್ಕಳ ಹತ್ತಿರಕ್ಕೆ ತರುವಂತೆ ಗಂಡನನ್ನು ತಿರುಗಿಸಿದವರಲ್ಲಿ ಅವರೇ ಮೊದಲಿಗರು. ತಮ್ಮ ಮಕ್ಕಳು ಬೆಳೆಯುವುದನ್ನು ಗಂಡ ಹೆಂಡತಿ ಇಬ್ಬರೂ ಗಮನವಿಟ್ಟು ನೋಡುತ್ತಿದ್ದರು. 1894ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯ ಡ್ಯೂಯಿ ಅವರನ್ನು ಕರೆಯಿತು. ತತ್ತ್ವಶಾಸ್ತ್ರ, ಮನಶ್ಶಾಸ್ತ್ರ, ಶಿಕ್ಷಣಶಾಸ್ತ್ರ ಮೂರೂ ಸೇರಿದ ವಿಭಾಗದ ಮುಖ್ಯಸ್ಥ ಸ್ಥಾನ. ಅವರು ಹೋಗಿ ಸೇರಿದಾಗ ಆ ಊರಿನಲ್ಲಿ ರೈಲ್ವೆ ಕಾರ್ಮಿಕರ ದೊಡ್ಡ ಮುಷ್ಕರ ನಡೆಯುತ್ತಿತ್ತು. ವಲಸೆ ಬಂದ ಬಡ ಕುಟುಂಬಗಳ ನಡುವೆ ಜೇನ್ ಆಡಮ್ಸ್ ನಡೆಸುತ್ತಿದ್ದ ಹಲ್ ಹೌಸ್‌ಗೆ ಡ್ಯೂಯಿ ಹೋಗಿಬರುತ್ತಿದ್ದರು. ಮರುವರ್ಷ ಯೂರೋಪ್ ಪ್ರವಾಸದಲ್ಲಿದ್ದಾಗ ಅವರ ಎರಡೂವರೆ ವರ್ಷದ ಮಗ ಮಾರಿಸ್ ಇಟಲಿಯಲ್ಲಿ ಗಂಟಲಮಾರಿಯಿಂದ ತೀರಿಕೊಂಡ.

1896ರ ಜನವರಿಯಲ್ಲಿ ಶಾಲೆ ಆರಂಭವಾಯಿತು. 16 ಮಕ್ಕಳು, ಇಬ್ಬರು ಶಿಕ್ಷಕರು. ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗಕ್ಕೆ ಪ್ರಯೋಗಾಲಯ ಇರುವಂತೆ ಶಿಕ್ಷಣ ವಿಭಾಗಕ್ಕೂ ಒಂದು ಬೇಕು ಎಂಬುದು ಅವರ ವಾದ. ಜನ ಅದನ್ನು ಪ್ರಯೋಗಶಾಲೆ ಎಂದರು, ಡ್ಯೂಯಿ ಶಾಲೆ ಎಂದೂ ಕರೆದರು. ಶಾಲೆಗೆ ಪೀಠೋಪಕರಣ ಕೊಳ್ಳಲು ಊರೆಲ್ಲ ಸುತ್ತಿದ ಸಂಗತಿಯನ್ನು ಅವರೇ ಬರೆದಿದ್ದಾರೆ. ಮಕ್ಕಳು ಕೈಕೆಲಸ ಮಾಡಲು ಹೊಂದುವ ಮೇಜು ಎಲ್ಲೂ ಸಿಗಲಿಲ್ಲ. ಕೊನೆಗೆ ಒಬ್ಬ ಅಂಗಡಿಯವನು, ಉಳಿದವರಿಗಿಂತ ಬುದ್ಧಿವಂತ, ನಿಮಗೆ ಬೇಕಾಗಿರುವುದು ಮಕ್ಕಳು ಕೆಲಸ ಮಾಡುವ ಮೇಜು, ನಮ್ಮಲ್ಲಿರುವುದೆಲ್ಲ ಕೂತು ಕೇಳಿಸಿಕೊಳ್ಳುವವರ ಮೇಜು ಎಂಬರ್ಥದ ಮಾತು ಹೇಳಿದನಂತೆ. ನಮ್ಮ ತರಗತಿಗಳ ಡೆಸ್ಕುಗಳನ್ನು ಒಮ್ಮೆ ನೋಡಿ. ಆ ಅಂಗಡಿ ಇನ್ನೂ ವ್ಯಾಪಾರ ಮಾಡುತ್ತಿದೆ.

ಆ ಶಾಲೆಯಲ್ಲಿ ಮೂರು ಕೆಲಸಗಳು ಬೆನ್ನೆಲುಬಾಗಿದ್ದವು: ಅಡುಗೆ, ಬಡಗಿ ಕೆಲಸ, ನೂಲು-ನೇಯ್ಗೆ-ಹೊಲಿಗೆ. ಆ ಕಾಲದ ಅಮೆರಿಕದ ಬೇರೆ ಶಾಲೆಗಳಲ್ಲೂ ಅಡುಗೆ ಕಲಿಸುತ್ತಿದ್ದರು. ಆದರೆ ಅದು ಹೆಣ್ಣುಮಕ್ಕಳನ್ನು ಗೃಹಿಣಿಯರನ್ನಾಗಿ ಮಾಡಲು, ಗಂಡುಮಕ್ಕಳಿಗೆ ಬಡಗಿ ಕೆಲಸ ಬೇರೆ. ಡ್ಯೂಯಿ ಶಾಲೆಯಲ್ಲಿ ಹುಡುಗರೂ ಅಡುಗೆ ಮಾಡಿದರು, ಹುಡುಗಿಯರೂ ಗರಗಸ ಹಿಡಿದರು. ಒಳ್ಳೆಯ ಅಡುಗೆಯವರನ್ನು ತಯಾರಿಸುವುದು ಉದ್ದೇಶವೇ ಅಲ್ಲ ಎಂದು ಅವರು ಖಡಾಖಂಡಿತವಾಗಿ ಬರೆದರು. ಅಡುಗೆ ಎಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಭೂಗೋಳ, ಲೆಕ್ಕ, ಚರಿತ್ರೆ ಇವೆಲ್ಲಕ್ಕೂ ಮಗು ತನ್ನ ಕಾಲಿನ ಮೇಲೆ ನಡೆದು ಹೋಗಬಹುದಾದ ಬಾಗಿಲು. ಕಲಿಕೆಯ ಕೊನೆಯಲ್ಲಿ ಬಹುಮಾನದಂತೆ ತಿಂಡಿ ಕೊಡುವುದಕ್ಕೂ ಇದಕ್ಕೂ ಅಜಗಜಾಂತರ.

ಚಿಕ್ಕ ಮಕ್ಕಳು ಧಾನ್ಯದಿಂದ ಶುರುಮಾಡಿದರು. ಆರು ವರ್ಷದವರ ಗುಂಪು ಶಾಲೆಯ ಅಂಗಳದ ಸಣ್ಣ ತುಂಡು ನೆಲದಲ್ಲಿ ಗೋಧಿ ಬಿತ್ತಿತು. ಕಾಳಿನಿಂದ ಹೊಟ್ಟು ಬೇರ್ಪಡಿಸುವುದು ಹೇಗೆ, ಹಿಟ್ಟು ಮಾಡುವುದು ಹೇಗೆ ಎಂದು ತಾವೇ ಯೋಚಿಸಿದರು. ಬೇಯಿಸುವಾಗ ಇಡಿಯ ಕಾಳಿಗೆ ಎಷ್ಟು ನೀರು, ನುಚ್ಚಿಗೆ ಎಷ್ಟು, ತಟ್ಟಿ ತೆಳ್ಳಗೆ ಮಾಡಿದ್ದಕ್ಕೆ ಎಷ್ಟು, ಯಾವುದು ಬೇಗ ಬೇಯುತ್ತದೆ ಎಂದು ಹೋಲಿಸಿದರು. ಅರ್ಧ ಲೋಟ, ಕಾಲು ಲೋಟ ಎನ್ನುವಾಗ ಭಿನ್ನರಾಶಿ ತಾನಾಗಿ ಬಂತು. ಇಷ್ಟು ಜನಕ್ಕೆ ಮಾಡಲು ಇಷ್ಟು ಲೋಟ ಬೇಕಾದರೆ ಅತಿಥಿಗಳು ಬಂದಾಗ ಎಷ್ಟು ಎನ್ನುವಾಗ ಅನುಪಾತ ಬಂತು. ಮಾಡಿದ್ದನ್ನು ಮಕ್ಕಳೇ ಮೇಜು ಹಾಕಿ, ಬಡಿಸಿ, ಜೊತೆಯಲ್ಲಿ ಕೂತು ತಿಂದು, ಪಾತ್ರೆ ತೊಳೆದಿಟ್ಟರು. ಆ ಊಟದ ಹೊತ್ತು ಪಾಠದ ಹೊರಗಿನದಾಗಿರಲಿಲ್ಲ.

ಈ ಧಾನ್ಯದ ಪಾಠವನ್ನು ಓದಿದಾಗ ನನಗೆ ಥಟ್ಟನೆ ಹೊಳೆದದ್ದು ಅವಲಕ್ಕಿ. ಬೋಧನಾಭ್ಯಾಸದ ಆರನೆಯ ತರಗತಿಯಲ್ಲಿ 38 ಮಕ್ಕಳು, 40 ನಿಮಿಷ, ಒಲೆಗೆ ಅನುಮತಿಯಿಲ್ಲ. ಮೂರು ಸ್ಟೀಲ್ ಬಟ್ಟಲುಗಳಲ್ಲಿ ತೆಳು ಅವಲಕ್ಕಿ, ಗಟ್ಟಿ ಅವಲಕ್ಕಿ, ಅಕ್ಕಿ, ಒಂದೊಂದು ಲೋಟ ಇಟ್ಟು, ಚಮಚೆಯಲ್ಲಿ ಎಣಿಸಿ ನೀರು ಹಾಕಿಸಿದೆ. ತೆಳು ಅವಲಕ್ಕಿ ನೋಡನೋಡುತ್ತಲೇ ಮೆತ್ತಗಾಯಿತು. ಗಟ್ಟಿಯದು ಇನ್ನಷ್ಟು ನೀರು ಕುಡಿದು ಹತ್ತು ನಿಮಿಷ ತೆಗೆದುಕೊಂಡಿತು. ಗಂಟೆ ಹೊಡೆದಾಗಲೂ ಅಕ್ಕಿ ಅಕ್ಕಿಯೇ. ಅದೂ ಭತ್ತದಿಂದಲೇ ಬಂದದ್ದಲ್ಲವೇ, ಮತ್ತೇಕೆ ಹೀಗೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ನಾನಲ್ಲ. ಹಿಂದಿನ ಸಾಲಿನ ಒಬ್ಬಳು ಹುಡುಗಿ. ಅವಲಕ್ಕಿಗೆ ಭತ್ತವನ್ನು ನೆನೆಸಿ, ಹುರಿದು, ಬಿಸಿ ಇರುವಾಗಲೇ ಕುಟ್ಟುತ್ತಾರೆ, ಅದು ಒಂದು ಸಲ ಬೆಂಕಿ ಕಂಡಿದೆ ಎಂದು ತನ್ನ ಊರಿನ ಕಡೆಯ ಮಾತಿನಲ್ಲಿ ವಿವರಿಸಿದಳು. ಮರುದಿನ ತೆಂಗಿನತುರಿ, ಬೆಲ್ಲ, ಏಲಕ್ಕಿ ಹಾಕಿ ಸಿಹಿ ಅವಲಕ್ಕಿ ಕಲಸಿದೆವು. ಎಷ್ಟು ನೀರು ಎಂದು ನಾನು ಹೇಳಬೇಕಾಗಲಿಲ್ಲ. ಪಾಠ ವೀಕ್ಷಿಸಿದವರು ಅವಲಕ್ಕಿ ಪಾಠಯೋಜನೆಯ ಯಾವ ಕಾಲಂನಲ್ಲಿ ಬರುತ್ತದೆ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಕಲಿಕೋಪಕರಣ ಎಂದು ಬರೆದಿದ್ದೆ. ಅದು ಕಲಿಕೋಪಕರಣವೋ ಪಾಠವೋ ಎಂಬುದರ ಮೇಲೆ ನಮ್ಮ ಚರ್ಚೆ ಇನ್ನೂ ಮುಗಿದಿಲ್ಲ.

ಡ್ಯೂಯಿ ಶಾಲೆಗೆ ಮರಳುತ್ತೇನೆ, ಏಕೆಂದರೆ ಮೊಟ್ಟೆಯ ಸಂಗತಿ ಹೇಳದೆ ಈ ಲೇಖನ ಪೂರ್ಣವಾಗದು. ಒಂದು ಗುಂಪಿನ ಮಕ್ಕಳು ತರಕಾರಿ ಬೇಯಿಸುವುದನ್ನು ಕಲಿತ ಮೇಲೆ ಮಾಂಸ, ಮೊಟ್ಟೆಯ ಕಡೆ ತಿರುಗಿದರು. ಮೊದಲು ಎರಡರ ಘಟಕಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರು. ತರಕಾರಿಯ ನಾರಿಗೆ ಮಾಂಸದಲ್ಲಿ ಸಂಯೋಜಕ ಅಂಗಾಂಶ ಸಮಾನ. ಲವಣ ಎರಡರಲ್ಲೂ ಇದೆ. ಕೊಬ್ಬು ತರಕಾರಿಯಲ್ಲಿ ಅಲ್ಪ, ಮಾಂಸದಲ್ಲಿ ಹೆಚ್ಚು. ತರಕಾರಿಯ ಮುಖ್ಯ ಗುರುತು ಪಿಷ್ಟವಾದರೆ ಪ್ರಾಣಿಜನ್ಯ ಆಹಾರದ ಗುರುತು ಆಲ್ಬುಮಿನ್. ಹಾಗಾದರೆ ಆಲ್ಬುಮಿನ್‌ಗೆ ಶಾಖ ತಾಗಿದರೆ ಏನಾಗುತ್ತದೆ? ಅದನ್ನು ನೋಡಲು ಮೊಟ್ಟೆಯ ಬಿಳಿ. ಮಕ್ಕಳು ಮೊದಲು ನೀರಿನ ಹದಗಳನ್ನೇ ಪರೀಕ್ಷಿಸಿದರು. ಕೈ ಸುಡುವ ಹದ ಯಾವುದು, ತಳದಿಂದ ಸಣ್ಣ ಗುಳ್ಳೆ ಏಳುವ ಹದ ಯಾವುದು, ಕೊತಕೊತ ಮರಳುವ ಹದ ಯಾವುದು. ಪ್ರತಿ ಹದದಲ್ಲೂ ಮೊಟ್ಟೆಯ ಬಿಳಿ ಹೇಗೆ ಬದಲಾಗುತ್ತದೆ ಎಂದು ನೋಡಿದರು. ಆಮೇಲೆ ಮೊಟ್ಟೆ ಬೇಯಿಸಿದರು.

ಇದರ ನಡುವೆ ಒಂದು ಮಗುವಿಗೆ ಬೇಸರ ಬಂತು. ಇಷ್ಟೆಲ್ಲ ಏಕೆ, ಅಡುಗೆ ಪುಸ್ತಕ ನೋಡಿ ಮಾಡಿಬಿಡೋಣ ಎಂದಿತು. ಶಿಕ್ಷಕಿ ಗದರಲಿಲ್ಲ. ಪುಸ್ತಕದಲ್ಲಿರುವ ವಿಧಾನ ಮೊದಲು ಎಲ್ಲಿಂದ ಬಂತು ಎಂದು ಮಕ್ಕಳನ್ನೇ ಕೇಳಿದರು. ಮಾತು ಮಾತಿಗೆ ಬೆಳೆದು, ಪುಸ್ತಕ ನೋಡಿ ಮಾಡಿದರೆ ಮೊಟ್ಟೆ ಬೇಯುತ್ತದೆ, ಆದರೆ ಏಕೆ ಹಾಗೆ ಮಾಡಿದೆವು ಎಂಬುದು ನಮಗೆ ತಿಳಿಯುವುದಿಲ್ಲ ಎನ್ನುವಲ್ಲಿಗೆ ಮಕ್ಕಳೇ ಬಂದು ನಿಂತರು. ಪ್ರಯೋಗ ಮುಂದುವರಿಯಿತು. ಡ್ಯೂಯಿ ಇದನ್ನು ವಿವರಿಸುವಾಗ ಒಂದು ಎಚ್ಚರಿಕೆಯನ್ನೂ ಕೊಡುತ್ತಾರೆ. ಮಗುವಿಗೆ ಮೊಟ್ಟೆ ಬೇಯಿಸುವ ಆಸೆ ಇದೆ ಎಂದು ಮೂರು ನಿಮಿಷ ನೀರಿನಲ್ಲಿ ಬಿಟ್ಟು, ಹೇಳಿದಾಗ ಹೊರತೆಗೆಯಿಸಿದರೆ ಅದು ಶಿಕ್ಷಣವಾಗುವುದಿಲ್ಲ. ಆಸೆಯನ್ನು ಕೆರಳಿಸುವುದು ಸುಲಭ, ತಣಿಸುವುದೂ ಸುಲಭ. ಆ ಆಸೆ ಈಡೇರಬೇಕಾದರೆ ವಸ್ತುವಿನ ಗುಣವನ್ನೂ ಅದರ ಕಟ್ಟುಪಾಡನ್ನೂ ಮಗು ಒಪ್ಪಿ ಎದುರಿಸುವಂತೆ ಮಾಡುವುದು ಕಷ್ಟ. ಶಿಕ್ಷಕರು ಇರುವುದು ಆ ಕಷ್ಟದ ಭಾಗಕ್ಕೆ.

ವಿಜ್ಞಾನದ ವಿದ್ಯಾರ್ಥಿಯಾಗಿ ನನಗೆ ಇಲ್ಲಿ ಇಷ್ಟವಾದದ್ದು ಅನುಕ್ರಮ. ಮೊಟ್ಟೆಯ ಬಿಳಿ ಹೆಪ್ಪುಗಟ್ಟಲು ನೀರು ಕುದಿಯಲೇಬೇಕಿಲ್ಲ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಬಿಳಿಚಿಕೊಳ್ಳಲು ತೊಡಗುತ್ತದೆ. ಪ್ರೋಟೀನು ಶಾಖಕ್ಕೆ ತನ್ನ ಆಕಾರ ಕಳೆದುಕೊಳ್ಳುತ್ತದೆ ಎಂದು ನಾವು ಪದವಿ ತರಗತಿಯಲ್ಲಿ ಓದುತ್ತೇವೆ. ಆ ಮಕ್ಕಳು ಆ ಶಬ್ದಗಳನ್ನು ಕಲಿಯದೆಯೇ ಆ ಘಟನೆಯನ್ನು ಕಣ್ಣಾರೆ ಕಂಡಿದ್ದರು. ನಮ್ಮ ಶಾಲೆಗಳಲ್ಲಿ ಈಗ ಮಕ್ಕಳಿಗೆ ಬೇಯಿಸಿದ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು ಕೊಡುತ್ತಾರೆ. ಬಿಸಿಯೂಟದ ಅಡುಗೆಮನೆ ಶಾಲೆಯ ಆವರಣದಲ್ಲೇ ಇರುತ್ತದೆ. ಅಲ್ಲಿ ದಿನಕ್ಕೆ ನೂರಾರು ಮಕ್ಕಳಿಗೆ ಅಳತೆ ತಪ್ಪದೆ ಬೇಯಿಸುವ ಅಕ್ಕಂದಿರು ಇದ್ದಾರೆ. ವಿಜ್ಞಾನದ ಪಾಠಕ್ಕೆ ಅವರನ್ನು ಒಂದು ದಿನ ಸಂಪನ್ಮೂಲ ವ್ಯಕ್ತಿಯಾಗಿ ಕರೆದ ಶಾಲೆಯನ್ನು ನಾನಿನ್ನೂ ನೋಡಿಲ್ಲ.

ಅಡುಗೆಗೆ ಸರಿಸಮವಾಗಿ ನೇಯ್ಗೆಯೂ ನಡೆಯುತ್ತಿತ್ತು. ಹತ್ತಿ ಮತ್ತು ಉಣ್ಣೆ ಎರಡನ್ನೂ ಮಕ್ಕಳಿಗೆ ಕೊಟ್ಟರು. ಅರ್ಧ ಗಂಟೆ ಬೀಜ ಬಿಡಿಸಿದ ಮೇಲೂ ಒಂದು ಔನ್ಸ್ ಹತ್ತಿ ಸಿಗಲಿಲ್ಲ. ಬೀಜ ಬಿಡಿಸುವ ಯಂತ್ರ ಬರುವ ಮೊದಲು ಜನ ಉಣ್ಣೆಯನ್ನೇ ಏಕೆ ಹೆಚ್ಚಾಗಿ ಉಟ್ಟರು ಎಂಬ ಚರಿತ್ರೆಯ ಪಾಠ ಬೆರಳ ತುದಿಯಿಂದ ಬಂತು.

ಎಲ್ಲರೂ ಮೆಚ್ಚಿದರು ಎಂದುಕೊಳ್ಳಬೇಡಿ. ಮಕ್ಕಳು ಓದು ಬರಹ ಕಲಿಯುವುದು ತಡವಾಗುತ್ತಿದೆ ಎಂಬ ಆಕ್ಷೇಪವಿತ್ತು. ಹಣದ ಕೊರತೆ ಮೊದಲಿನಿಂದಲೂ ಇತ್ತು. ಟೀಕೆಗೆ ಉತ್ತರ ಕೊಡಲೆಂದೂ ಹಣ ಕೂಡಿಸಲೆಂದೂ 1899ರಲ್ಲಿ ಡ್ಯೂಯಿ ಪೋಷಕರ ಮುಂದೆ ಮೂರು ಉಪನ್ಯಾಸ ಕೊಟ್ಟರು. ಅದೇ 'ಶಾಲೆ ಮತ್ತು ಸಮಾಜ' ಎಂಬ ಪುಸ್ತಕವಾಯಿತು. ನಾನು ಮೇಲೆ ಹೇಳಿದ ಮೇಜು, ಮೊಟ್ಟೆ, ಹತ್ತಿಯ ಸಂಗತಿಗಳೆಲ್ಲ ಅದರಲ್ಲಿವೆ. ಗ್ರಂಥಾಲಯದಲ್ಲಿ ಸಿಕ್ಕರೆ ಗೈಡು ಬದಿಗಿಟ್ಟು ಅದನ್ನೇ ಓದಿ, ಚಿಕ್ಕ ಪುಸ್ತಕ.

ಇನ್ನೊಂದು ಆಕ್ಷೇಪ ನನ್ನದು. ಶಾಲೆ ದೊಡ್ಡದಾಗಿ ಬೆಳೆದಾಗ ಅಲ್ಲಿ 140 ಮಕ್ಕಳಿಗೆ 23 ಶಿಕ್ಷಕರು, ಅವರ ಜೊತೆಗೆ 10 ಮಂದಿ ಸಹಾಯಕರು. ಮಕ್ಕಳಲ್ಲಿ ಹೆಚ್ಚಿನವರು ವಿಶ್ವವಿದ್ಯಾನಿಲಯದ ಸುತ್ತಮುತ್ತಲಿನ ಓದಿದ, ಉಳ್ಳವರ ಮನೆಯವರು. ಶಿಕ್ಷಕರು ವಾರಕ್ಕೊಮ್ಮೆ ಕೂತು ನಡೆದದ್ದನ್ನು ಚರ್ಚಿಸುತ್ತಿದ್ದರು. ಒಬ್ಬರೇ ಶಿಕ್ಷಕಿ ಎರಡು ತರಗತಿ ಒಟ್ಟಿಗೆ ನೋಡಿಕೊಂಡು, ನಡುವೆ ಬಿಸಿಯೂಟದ ಲೆಕ್ಕವನ್ನೂ ಬರೆಯುವ ಶಾಲೆಗೆ ಇದನ್ನು ಹಾಗೇ ಎತ್ತಿ ತರಲಾಗದು. ಡ್ಯೂಯಿ ಕೂಡ ತಮ್ಮ ಶಾಲೆಯನ್ನು ನಕಲು ಮಾಡಲು ಇಟ್ಟ ಮಾದರಿ ಎಂದು ಹೇಳಲಿಲ್ಲ. ಪ್ರಯೋಗಾಲಯದಲ್ಲಿ ಸಿಗುವುದು ತತ್ತ್ವ, ಅದನ್ನು ಕೊಂಡೊಯ್ಯುವವರು ತಮ್ಮ ಪಾತ್ರೆಯ ಅಳತೆ ನೋಡಿಕೊಳ್ಳಬೇಕು.

ಈ ಕೆಲಸವನ್ನು ದಿನದಿನವೂ ಮಾಡಿದವರು ಮುಖ್ಯವಾಗಿ ಹೆಂಗಸರು. ಕ್ಯಾಥರೀನ್ ಕ್ಯಾಂಪ್ ಮತ್ತು ಅವರ ತಂಗಿ ಆ್ಯನಾ ಅಲ್ಲಿ ಪಾಠ ಮಾಡಿದವರು. ಆ ಶಾಲೆಯಲ್ಲಿ ಯಾವ ಗುಂಪು ಏನು ಮಾಡಿತು ಎಂಬ ವಿವರ ಇಂದು ನಮಗೆ ಸಿಗುವುದು ಅವರಿಬ್ಬರು ಸೇರಿ 1936ರಲ್ಲಿ ಹೊರತಂದ ದೊಡ್ಡ ಪುಸ್ತಕದಿಂದ. ಎಲ್ಲಾ ಫ್ಲ್ಯಾಗ್ ಯಂಗ್ ಎಂಬ ಅನುಭವಿ ಶಿಕ್ಷಕಿ ಮೇಲ್ವಿಚಾರಣೆಗೆ ನೆರವಾದರು. ಅವರು ಮುಂದೆ ಷಿಕಾಗೋ ನಗರದ ಶಾಲೆಗಳಿಗೇ ಮುಖ್ಯಸ್ಥರಾದರು. ಆಲಿಸ್ 1901ರಲ್ಲಿ ಪ್ರಾಂಶುಪಾಲೆಯಾದರು. ಅಡುಗೆಯ ಮೇಜಿನ ಪಕ್ಕ ನಿಂತಿದ್ದು ಇವರೆಲ್ಲ, ಹೆಸರು ಬಂದದ್ದು ಡ್ಯೂಯಿಗೆ. ಪರೀಕ್ಷೆಯ ಉತ್ತರದಲ್ಲಿ ಈ ಹೆಸರುಗಳನ್ನು ಬರೆದರೆ ಅಂಕ ಬರುತ್ತದೋ ಇಲ್ಲವೋ, ಬರೆಯುವುದಂತೂ ಸರಿ.

ಶಾಲೆಯ ಅಂತ್ಯ ಸುಖಕರವಲ್ಲ. ಕರ್ನಲ್ ಪಾರ್ಕರ್ ಅವರ ಇನ್ನೊಂದು ಶಾಲೆಯನ್ನು ವಿಶ್ವವಿದ್ಯಾನಿಲಯ ಇದರೊಂದಿಗೆ ಸೇರಿಸಿತು. ಅಲ್ಲಿಂದ ಬಂದ ಶಿಕ್ಷಕರಿಗೆ ಆಲಿಸ್ ಅವರ ಆಡಳಿತದ ಬಗ್ಗೆ ಅಂಜಿಕೆ, ಅಧ್ಯಕ್ಷ ಹಾರ್ಪರ್ ಅವರಿಗೆ ಪ್ರಾಧ್ಯಾಪಕನ ಹೆಂಡತಿ ಆ ಹುದ್ದೆಯಲ್ಲಿ ಮುಂದುವರಿಯುವುದರ ಬಗ್ಗೆ ಇರುಸುಮುರುಸು. 1904ರಲ್ಲಿ ಗಂಡ ಹೆಂಡತಿ ಇಬ್ಬರೂ ರಾಜೀನಾಮೆ ಕೊಟ್ಟು ಹೊರಬಂದರು. ಅದೇ ವರ್ಷ ಯೂರೋಪಿಗೆ ಹೋದಾಗ, ಐರ್ಲೆಂಡಿನಲ್ಲಿ, ಎಂಟು ವರ್ಷದ ಮಗ ಗಾರ್ಡನ್ ವಿಷಮಶೀತ ಜ್ವರದಿಂದ ತೀರಿಕೊಂಡ. ಎರಡನೆಯ ಮಗ, ಎರಡನೆಯ ಪ್ರವಾಸ. ಆಲಿಸ್ ಆ ಆಘಾತದಿಂದ ಪೂರ್ತಿಯಾಗಿ ಎದ್ದೇಳಲಿಲ್ಲ ಎನ್ನುತ್ತಾರೆ. ಅದೇ ಪ್ರವಾಸದಲ್ಲಿ ಇಟಲಿಯಲ್ಲಿ ಸಬಿನೊ ಎಂಬ ಹುಡುಗನನ್ನು ಅವರು ದತ್ತು ತೆಗೆದುಕೊಂಡರು.

ಡ್ಯೂಯಿ ಮತ್ತೆಂದೂ ಶಾಲೆ ನಡೆಸಲಿಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯ ಸೇರಿ ಬರೆದರು, ಬರೆಯುತ್ತಲೇ ಹೋದರು. 1910ರಲ್ಲಿ ನಾವು ಹೇಗೆ ಯೋಚಿಸುತ್ತೇವೆ ಎಂಬುದರ ಮೇಲೆ, 1916ರಲ್ಲಿ ಪ್ರಜಾಪ್ರಭುತ್ವ ಮತ್ತು ಶಿಕ್ಷಣದ ಮೇಲೆ. ಚೀನಾದಲ್ಲಿ ಎರಡು ವರ್ಷ ಉಪನ್ಯಾಸ ಮಾಡಿದರು, ಟರ್ಕಿಗೆ ಹೋಗಿ ಶಾಲೆಗಳ ಬಗ್ಗೆ ಸಲಹೆ ಕೊಟ್ಟರು. ಅವರ ಹೆಸರು ಹೇಳಿಕೊಂಡು ಎಷ್ಟೋ ಹೊಸ ಶಾಲೆಗಳು ಹುಟ್ಟಿದವು. ಮಗುವಿಗೆ ಇಷ್ಟ ಬಂದದ್ದನ್ನು ಮಾಡಲು ಬಿಡುವುದೇ ಹೊಸ ಶಿಕ್ಷಣ ಎಂದು ಅವುಗಳಲ್ಲಿ ಕೆಲವು ನಂಬಿದವು. 1938ರಲ್ಲಿ, ಎಂಬತ್ತರ ಹೊಸ್ತಿಲಲ್ಲಿದ್ದಾಗ, ಅನುಭವ ಮತ್ತು ಶಿಕ್ಷಣ ಕುರಿತು ಸಣ್ಣ ಪುಸ್ತಕ ಬರೆದು ಇದನ್ನು ಒಪ್ಪುವುದಿಲ್ಲ ಎಂದರು. ಎಲ್ಲ ಅನುಭವವೂ ಕಲಿಸುವುದಿಲ್ಲ, ಕೆಲವು ಅನುಭವ ಮುಂದಿನ ಕಲಿಕೆಗೆ ಅಡ್ಡಗಾಲಾಗುತ್ತವೆ ಎಂಬುದು ಅದರ ತಿರುಳು. ನಲವತ್ತು ವರ್ಷದ ಹಿಂದೆ ಮೊಟ್ಟೆಯ ಬಗ್ಗೆ ಹೇಳಿದ್ದೂ ಅದೇ ಅಲ್ಲವೇ ಎಂದು ನನಗನಿಸುತ್ತದೆ.

ಕೊಲಂಬಿಯಾದಲ್ಲಿ ಅವರ ತರಗತಿಯಲ್ಲಿ ಕೂತವರಲ್ಲಿ 1913ರಿಂದ 1916ರವರೆಗೆ ಅಲ್ಲಿ ಓದಿದ ಭೀಮರಾವ್ ಅಂಬೇಡ್ಕರ್ ಒಬ್ಬರು. ಅಂಬೇಡ್ಕರ್ ಅವರು ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದದ್ದನ್ನು ನಾವೆಲ್ಲ ಓದಿದ್ದೇವೆ. ಕೂರಲು ಮನೆಯಿಂದ ತಂದ ಗೋಣಿತಟ್ಟು ಬೇರೆ, ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ, ಜವಾನ ಬಂದು ತಿರುಗಿಸಿದರೆ ನೀರು, ಅವನಿಲ್ಲದ ದಿನ ನೀರಿಲ್ಲ. ಪ್ರಜಾಪ್ರಭುತ್ವವೆಂದರೆ ಸರ್ಕಾರದ ಒಂದು ಬಗೆಯಷ್ಟೇ ಅಲ್ಲ, ಜನ ಒಬ್ಬರೊಡನೊಬ್ಬರು ಕೂಡಿ ಬಾಳುವ ರೀತಿ ಎಂಬ ಡ್ಯೂಯಿ ವಿಚಾರ ಆ ವಿದ್ಯಾರ್ಥಿಯೊಳಗೆ ಬೇರೂರಿತು. ಜಾತಿ ವಿನಾಶದ ಕುರಿತ ಅವರ ಪ್ರಸಿದ್ಧ ಭಾಷಣದಲ್ಲಿ ಡ್ಯೂಯಿ ಹೆಸರನ್ನು ಗುರು ಎಂದೇ ನೆನೆದಿದ್ದಾರೆ. ಷಿಕಾಗೋದ ಮಕ್ಕಳು ತಾವೇ ಬೇಯಿಸಿದ್ದನ್ನು ತಾವೇ ಬಡಿಸಿ ಒಂದೇ ಮೇಜಿನಲ್ಲಿ ಕೂತು ಉಣ್ಣುವುದನ್ನು ಡ್ಯೂಯಿ ಪಾಠದ ಭಾಗವೆಂದು ಏಕೆ ಎಣಿಸಿದರು ಎಂಬುದು ಈ ಕಡೆಯಿಂದ ನೋಡಿದಾಗ ನನಗೆ ಹೆಚ್ಚು ಸ್ಪಷ್ಟವಾಯಿತು. ನಮ್ಮಲ್ಲಿ ಯಾರು ಮುಟ್ಟಿದ ಸೌಟು ಎಂಬುದು ಇಂದಿಗೂ ಕೆಲವೆಡೆ ಸುದ್ದಿಯಾಗುತ್ತದೆ. ಬೋಧನಾಭ್ಯಾಸದ ತರಗತಿಯಲ್ಲಿ ತೆಂಗಿನಕಾಯಿ ತುರಿಯುವಾಗ ಇದು ಹುಡುಗಿಯರ ಕೆಲಸ ಎಂದು ಹುಡುಗರು ಹಿಂದೆ ಸರಿದರು. ಹಾಜರಿ ಸಂಖ್ಯೆಯ ಪ್ರಕಾರ ಗುಂಪು ಮಾಡಿದ ಮೇಲೆ ತುರಿಮಣೆ ಎಲ್ಲರ ಕೈಗೂ ಬಂತು. ಬಟ್ಟಲುಗಳು ಕಲಸುಮೇಲೋಗರವಾದದ್ದರಿಂದ ಯಾರದು ಯಾರು ತಿಂದರೋ ಗೊತ್ತಾಗಲಿಲ್ಲ.

ಆಲಿಸ್ 1927ರಲ್ಲಿ ತೀರಿಕೊಂಡಿದ್ದರು. ಡ್ಯೂಯಿ 1946ರಲ್ಲಿ ರಾಬರ್ಟಾ ಗ್ರಾಂಟ್ ಅವರನ್ನು ಮದುವೆಯಾಗಿ, ಇಬ್ಬರು ಮಕ್ಕಳನ್ನು ದತ್ತು ತೆಗೆದುಕೊಂಡರು. ತೊಂಬತ್ತರ ಆಸುಪಾಸಿನ ಆ ಮುದುಕರ ಮನೆಯಲ್ಲಿ ಮತ್ತೆ ಮಕ್ಕಳ ಗಲಾಟೆ ಇತ್ತು. 1952ರ ಜೂನ್ 1ರಂದು ನ್ಯೂಯಾರ್ಕಿನಲ್ಲಿ ಅವರು ಕಣ್ಣುಮುಚ್ಚಿದಾಗ 92 ವರ್ಷ. ಕೊಲಂಬಿಯಾ ಕೊಡಲಿದ್ದ ಗೌರವ ಡಾಕ್ಟರೇಟ್ ಸ್ವೀಕರಿಸಲು ಅಂಬೇಡ್ಕರ್ ಅದೇ ವಾರ ಅಮೆರಿಕಕ್ಕೆ ಪ್ರಯಾಣ ಹೊರಟಿದ್ದರು. ಹಳೆಯ ಮೇಷ್ಟರನ್ನು ಕಾಣಬೇಕೆಂಬ ಆಸೆ ಅವರಿಗಿತ್ತು. ಅವರು ತಲುಪುವ ಮೊದಲೇ ಡ್ಯೂಯಿ ಹೋಗಿಬಿಟ್ಟಿದ್ದರು.